ಜಾರ್‌ಗಳ ಊರಿನಲ್ಲಿ ಜಾರದೆ ನಡೆಯುವ ವಿಧಾನ

ಡಿಸೆಂಬರಿನಿಂದ ಮಾರ್ಚಿನವರೆಗೆ ಸೇಂಟ್ ಪೀಟರ್ಸ್‌ಬರ್ಗಿನ ಮತ್ತು ಅದರ ಸುತ್ತಮುತ್ತಲ ಅರಮನೆಗಳನ್ನು ಬಳಸುವವರಿಗಾಗಿ ಈ ಕೈಪಿಡಿ. ಬೇಸಿಗೆಯಲ್ಲಿ ಹೋಗುವವರು ಇದನ್ನು ಮಡಚಿಟ್ಟು ಕಾರಂಜಿಯ ಮುಂದೆ ಸೆಲ್ಫಿ ತೆಗೆದುಕೊಳ್ಳಬಹುದು.

ಬೇಕಾಗುವ ಸಾಮಗ್ರಿ

ಮೈಗಂಟುವ ಥರ್ಮಲ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಮಂಡಿ ಮುಟ್ಟುವ ಕೋಟು, ಕಿವಿ ಮುಚ್ಚುವ ಟೋಪಿ. ಬೂಟು ಎರಡು ಜೊತೆ ಕಾಲುಚೀಲ ಹಿಡಿಸುವಷ್ಟು ಸಡಿಲವಿರಲಿ. ಊಟಿಗೆಂದು ಕೊಂಡ ಜರ್ಕಿನ್ನು ಊಟಿಗೇ ಇರಲಿ. ಕೋಟಿನ ಕಾಲರಿನ ಒಳಗೆ ನೇತುಹಾಕುವ ಕುಣಿಕೆ ಇದೆಯೇ ನೋಡಿ. ಇಲ್ಲದಿದ್ದರೆ ಹೊಲಿಸಿಕೊಂಡೇ ಹೊರಡಿ. ಏಕೆಂದು ಈಗ ಕೇಳಬೇಡಿ.

ವೀಸಾದಲ್ಲಿ ಎರಡು ಬಗೆ. 2023ರ ಆಗಸ್ಟಿನಿಂದ ಭಾರತೀಯರಿಗೆ ಸಿಗುತ್ತಿರುವ ಇ-ವೀಸಾ ನಡೆಯುತ್ತದೆ. ನಿಮ್ಮ ಬ್ಯಾಂಕು ಕೊಟ್ಟ ಕಾರ್ಡಿನ ಮೇಲಿರುವ ವೀಸಾ 2022ರ ಮಾರ್ಚಿನಿಂದ ಅಲ್ಲಿ ನಡೆಯುವುದಿಲ್ಲ, ಮಾಸ್ಟರ್‌ಕಾರ್ಡೂ ಅಷ್ಟೇ. ನಗದು ಇಟ್ಟುಕೊಳ್ಳಿ.

ಹೊರಗೆ ಓಡಾಡುವ ಕ್ರಮ

ಡಿಸೆಂಬರಿನ ಕೊನೆಯಲ್ಲಿ ಅಲ್ಲಿನ ಸೂರ್ಯ ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರಂತೆ: ಹತ್ತಕ್ಕೆ ಬರುತ್ತಾನೆ, ನಾಲ್ಕಾಗುವ ಮೊದಲೇ ಎದ್ದು ಹೋಗುತ್ತಾನೆ, ನಡುವೆ ಸೀಟಿನಲ್ಲಿ ಕಾಣಿಸುವುದೂ ಅಪರೂಪ. ಹೆಜ್ಜೆ ಚಿಕ್ಕದಿರಲಿ, ಅಂಗಾಲು ಪೂರ್ತಿ ಊರಿ, ಕೈ ಜೇಬಿನಿಂದ ಹೊರಗಿರಲಿ. ಗೋಡೆಯ ಪಕ್ಕಕ್ಕೇ ಸರಿದು ನಡೆಯಬೇಡಿ, ಸೂರಿನಿಂದ ಮೊಳಗಟ್ಟಲೆ ಉದ್ದದ ಮಂಜಿನ ಈಟಿಗಳು ಇಳಿಬಿದ್ದಿರುತ್ತವೆ. ಫುಟ್‌ಪಾತಿಗೆ ಅಡ್ಡಲಾಗಿ ಟೇಪು ಕಟ್ಟಿದ್ದರೆ, ಮಾಡಿನ ಮೇಲೆ ಯಾರೋ ಸಲಿಕೆ ಹಿಡಿದು ಹಿಮ ತಳ್ಳುತ್ತಿದ್ದಾರೆಂದು ತಿಳಿಯಿರಿ. ಟೇಪು ನುಸುಳುವ ನಮ್ಮ ವಿದ್ಯೆಯನ್ನು ಇಲ್ಲಿ ತೋರಿಸಬೇಡಿ.

ಒಳಗೆ ಹೋಗುವ ಕ್ರಮ

ಅರಮನೆ ಶುರುವಾಗುವುದು ಸಿಂಹಾಸನದ ಕೋಣೆಯಿಂದಲ್ಲ, ಗಾರ್ದೆರೋಬಿನಿಂದ, ಅಂದರೆ ಕೋಟು ಒಪ್ಪಿಸುವ ಕಟ್ಟೆಯಿಂದ. ಒಪ್ಪಿಸದೆ ಒಳಗೆ ಬಿಡುವುದಿಲ್ಲ. ಟೋಪಿ, ಗವಸುಗಳನ್ನು ಕೋಟಿನ ತೋಳಿನೊಳಗೆ ತುರುಕಿ ಮುಂದೆ ಚಾಚಿ. ಕಟ್ಟೆಯ ಆಚೆಗಿನ ಅಜ್ಜಿ ಮೊದಲು ಕಾಲರು ತಿರುಗಿಸಿ ಕುಣಿಕೆ ಹುಡುಕುತ್ತಾರೆ. ಸಿಕ್ಕರೆ ನಂಬರಿನ ಬಿಲ್ಲೆ ಕೊಡುತ್ತಾರೆ. ಸಿಗದಿದ್ದರೆ ಮೊದಲು ಒಂದು ನೋಟ, ಆಮೇಲೆ ಬಿಲ್ಲೆ. ಆ ನೋಟಕ್ಕೆ ಅನುವಾದಕರು ಬೇಕಾಗುವುದಿಲ್ಲ.

ಮುಂದಿನದು ಬಹೀಲಿ: ಬೂಟಿನ ಮೇಲೆ ಎಳೆದುಕೊಳ್ಳುವ ತೆಳು ಪ್ಲಾಸ್ಟಿಕ್ ಚೀಲ. ತ್ಸಾರ್‌ಸ್ಕೊಯೆ ಸೆಲೋದ ಕ್ಯಾಥರೀನ್ ಅರಮನೆಯಲ್ಲಿ ಬಣ್ಣಬಣ್ಣದ ಮರದ ಚೂರುಗಳನ್ನು ಜೋಡಿಸಿ ನೆಲವನ್ನೇ ಚಿತ್ತಾರ ಮಾಡಿದ್ದಾರೆ. ನಿಮ್ಮ ಕೆಸರು ಹಿಮ ಅದಕ್ಕೆ ಆಗಿಬರುವುದಿಲ್ಲ. ಈ ಅರಮನೆಯನ್ನು ವಾಸ್ತುಶಿಲ್ಪಿ ರಾಸ್ತ್ರೆಲ್ಲಿಯಿಂದ ಕಟ್ಟಿಸಿ 1756ರಲ್ಲಿ ಮುಗಿಸಿದ ಎಲಿಜಬೆತ್ ರಾಣಿ ಸತ್ತಾಗ ಅವಳ ಪೆಟ್ಟಿಗೆಗಳಲ್ಲಿ 15,000 ಉಡುಪುಗಳಿದ್ದವೆಂದು ಹೇಳುತ್ತಾರೆ. ಅವಳ ದೊಡ್ಡ ಹಜಾರದಲ್ಲಿ ನೀವು ಪ್ಲಾಸ್ಟಿಕ್ ಸರಪರ ಎನ್ನಿಸುತ್ತ ನಡೆಯುತ್ತೀರಿ. ಸಂಕೋಚ ಬೇಡ, ಎಲ್ಲರದೂ ಅದೇ ಸದ್ದು.

ಇಲ್ಲಿ ಸ್ವಲ್ಪ ನಿಲ್ಲಿ. ಬೇಸಿಗೆಯ ಬೆಳಕಿನಲ್ಲಿ ಈ ಹಜಾರ ನೋಡಿದವರು ‘ಎಷ್ಟೊಂದು ಚಿನ್ನ, ಎಂಥ ಆಡಂಬರ’ ಎಂದು ಮೂಗು ಮುರಿಯುತ್ತಾರೆ. ಜನವರಿಯ ಮೂರು ಗಂಟೆಗೆ ಬಂದು ನೋಡಿ. ಕಿಟಕಿಯಾಚೆ ಬೂದಿಬಣ್ಣದ ಆಕಾಶ; ಒಳಗೆ ಕಿಟಕಿಗಳ ನಡುವೆಲ್ಲ ಕನ್ನಡಿ, ಕನ್ನಡಿಯ ಸುತ್ತ ಚಿನ್ನದ ಕೆತ್ತನೆ. ಒಂದು ಮೇಣದಬತ್ತಿಯನ್ನು ನಾಲ್ಕು ಮಾಡುವ ಉಪಾಯ ಅದು. ಕೋಣೆಗಳ ಮೂಲೆಯಲ್ಲಿ ಚಾವಣಿಗೆ ಮುಟ್ಟುವಂತೆ ನಿಂತ ನೀಲಿ-ಬಿಳಿ ಹೆಂಚಿನ ಒಲೆಗಳನ್ನು ಬಿಟ್ಟು ಹೋಗಬೇಡಿ. ಜನ ಇಲ್ಲಿನ, ಗೋಡೆಗೆ ಅಂಬರ್ ಹೊದಿಸಿದ ಅಂಬರ್ ಕೋಣೆಗೆ ಓಡುತ್ತಾರೆ. 1941ರಲ್ಲಿ ನಾಜಿಗಳು ಕಿತ್ತೊಯ್ದದ್ದು ಮರಳಲಿಲ್ಲ, ಈಗಿರುವುದು 1979ರಲ್ಲಿ ಆರಂಭಿಸಿ 2003ರಲ್ಲಿ ತೆರೆದ ಮರುನಿರ್ಮಾಣ. ಅದನ್ನೂ ನೋಡಿ. ಆದರೆ ಒಲೆಯೇ ಹೆಚ್ಚು ಸತ್ಯ ಹೇಳುತ್ತದೆ ಎಂಬುದು ಈ ಕೈಪಿಡಿಯ ಅಭಿಪ್ರಾಯ.

ನೀರಿನ ಬಳಿ

ಕಡಲ ದಂಡೆಯ ಅರಮನೆ ಪೀಟರ್‌ಹಾಫ್‌ಗೆ ಬೇಸಿಗೆಯಲ್ಲಿ ಓಡುವ ದೋಣಿ ಚಳಿಗಾಲದಲ್ಲಿ ಇಲ್ಲ. ಬಾಲ್ಟಿಸ್ಕಿ ನಿಲ್ದಾಣದಿಂದ ಲೋಕಲ್ ರೈಲು ಹತ್ತಿ. ಪಂಪಿಲ್ಲದೆ, ಬರೀ ಇಳಿಜಾರಿನ ಒತ್ತಡದಿಂದ ಚಿಮ್ಮುವ ಅಲ್ಲಿನ ಕಾರಂಜಿಗಳು ಅಕ್ಟೋಬರಿನಲ್ಲೇ ನಿಂತಿರುತ್ತವೆ. ಉದ್ಯಾನದ ಅಮೃತಶಿಲೆಯ ದೇವತೆಗಳನ್ನು ಮರದ ಪೆಟ್ಟಿಗೆಯೊಳಗೆ ಮುಚ್ಚಿರುತ್ತಾರೆ. ಪೆಟ್ಟಿಗೆಗಳ ಫೋಟೊ ತೆಗೆಯಿರಿ, ಯಾರೂ ತೆಗೆಯುವುದಿಲ್ಲ. ಆಮೇಲೆ ಕಾಲುವೆಯ ಗುಂಟ ನೇರ ನಡೆದರೆ ಫಿನ್ಲೆಂಡ್ ಕೊಲ್ಲಿ.

ನೇವಾ ನದಿ ಸಿಹಿನೀರು ಸುರಿಯುವುದರಿಂದ ಇಲ್ಲಿನ ಕಡಲಿಗೆ ಉಪ್ಪು ಕಡಿಮೆ, ಆಳವೂ ಕಡಿಮೆ. ಹಾಗಾಗಿ ಬೇಗ ಹೆಪ್ಪುಗಟ್ಟುತ್ತದೆ. ದೂರದಲ್ಲಿ ಕಪ್ಪು ಚುಕ್ಕೆಗಳು ಕಂಡರೆ ಗಾಬರಿಯಾಗಬೇಡಿ. ಮಂಜಿಗೆ ತೂತು ಕೊರೆದು, ಪೆಟ್ಟಿಗೆಯ ಮೇಲೆ ಕೂತು, ಗಾಳ ಬಿಟ್ಟ ಗಂಡಸರು ಅವರು. ಅವರ ಧೈರ್ಯ ನೋಡಿ ನೀವು ಹಿಂದೆ ಹೋಗಬೇಡಿ. ಮಂಜುಗಡ್ಡೆ ಒಡೆದು ಮೀನುಗಾರರ ಸಮೇತ ತೇಲಿಹೋಗುವುದು, ರಕ್ಷಣಾ ಪಡೆ ಕರೆತರುವುದು ಅಲ್ಲಿ ಆಗಾಗ ಬರುವ ಸುದ್ದಿ. ಎದುರಿನ ದ್ವೀಪದ ಕ್ರೋನ್‌ಸ್ಟಾಟ್‌ನಲ್ಲಿ ನಾವಿಕರು ದಂಗೆಯೆದ್ದಾಗ, 1921ರ ಮಾರ್ಚಿನಲ್ಲಿ, ಕೆಂಪು ಸೇನೆ ಬಿಳಿ ಮೇಲಂಗಿ ತೊಟ್ಟು ಈ ಮಂಜಿನ ಮೇಲೆಯೇ ನಡೆದುಹೋಗಿ ದಾಳಿ ಮಾಡಿತು.

ಅರಮನೆಯಿಂದ ಹೊರಡುತ್ತ ಕೋಟು ಮರಳಿ ಪಡೆಯುವಾಗ ಚಳಿಯೆಂದು ಗೊಣಗುವ ಮನಸ್ಸಾದರೆ 1740ನ್ನು ನೆನೆಯಿರಿ. ಆ ಚಳಿಗಾಲ ಅನ್ನಾ ರಾಣಿ ಮಂಜುಗಡ್ಡೆಯಿಂದಲೇ ಒಂದು ಮನೆ ಕಟ್ಟಿಸಿದಳು. ಮಂಚವೂ ದಿಂಬೂ ಮಂಜಿನವೇ. ತಾನು ವಿದೂಷಕನ ಪಟ್ಟಕ್ಕಿಳಿಸಿದ್ದ ಗೊಲಿತ್ಸಿನ್ ಎಂಬ ರಾಜಕುಮಾರನಿಗೆ ತನ್ನ ಆಳು ಹೆಂಗಸನ್ನು ಮದುವೆ ಮಾಡಿಸಿ, ಮೊದಲ ರಾತ್ರಿಗೆ ಇಬ್ಬರನ್ನೂ ಅದರೊಳಗೆ ಕೂಡಿ ಹೊರಗೆ ಕಾವಲು ಹಾಕಿಸಿದಳು. ಇಬ್ಬರೂ ಬದುಕಿ ಬಂದರು. ರಾಣಿ ಅದೇ ಅಕ್ಟೋಬರಿನಲ್ಲಿ ತೀರಿಕೊಂಡಳು.

ಸೋಮವಾರ ಹರ್ಮಿಟೇಜ್ ಮ್ಯೂಸಿಯಮ್ಮಿಗೂ ಪೀಟರ್‌ಹಾಫ್‌ನ ದೊಡ್ಡ ಅರಮನೆಗೂ ರಜೆ, ಮಂಗಳವಾರ ಕ್ಯಾಥರೀನ್ ಅರಮನೆಗೆ. ಟಿಕೆಟ್ ತೆಗೆಯುವ ಮುಂಚೆ ವಾರ ನೋಡಿಕೊಳ್ಳಿ.