ಮೊಟ್ಟೆ ಟ್ರೇ, ಗಿಟಾರು ಮತ್ತು ಭರಣಿ ಮಳೆ

ಮೇ ತಿಂಗಳ ಮೊದಲ ಶನಿವಾರ ಸಂಜೆ ನಮ್ಮ ಬಡಾವಣೆಯ ಮೈದಾನದಲ್ಲಿ ಜಾನಪದ ರಾಕ್ ಕಾರ್ಯಕ್ರಮವಂತೆ. ವಾಟ್ಸಾಪ್ ಗುಂಪಿನಲ್ಲಿ ಪೋಸ್ಟರ್ ಬಿದ್ದದ್ದೇ ತಡ, ಜನ ಎರಡು ಪಕ್ಷವಾದರು. ಎಷ್ಟು ಗಂಟೆಗೆ ಶುರು ಎಂದು ಕೇಳುವವರದು ಒಂದು ಪಕ್ಷ, ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳುವವರದು ಇನ್ನೊಂದು. ಎರಡಕ್ಕೂ ಸೇರದ ಒಬ್ಬರು ಮಾತ್ರ 'ಎಷ್ಟನೇ ಫೇಸು?' ಎಂದು ಕೇಳಿದರು. ಜೆ.ಪಿ. ನಗರದಲ್ಲಿ ಅದೇ ಮೂಲಭೂತ ಪ್ರಶ್ನೆ. ಇಲ್ಲಿ ಫೇಸು ಹೇಳದೆ ವಿಳಾಸ ಕೊಟ್ಟರೆ ಆಟೊದವನು ನಮ್ಮನ್ನು ಕರುಣೆಯಿಂದ ನೋಡಿ ಮುಂದೆ ಹೋಗುತ್ತಾನೆ.

ತಂಡದ ಹುಡುಗರು ನಮ್ಮ ಬೀದಿಯವರೇ. ಮೂಲೆಮನೆಯ ಕಾರ್ ಶೆಡ್ಡಿನಲ್ಲಿ ಅಭ್ಯಾಸ. ಸದ್ದು ಹೊರಗೆ ಬರಬಾರದೆಂದು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದಾರೆ. ಅದಕ್ಕಾಗಿ ಆಟೊದಲ್ಲಿ ಟ್ರೇಗಳು ಬಂದಿಳಿದ ದಿನ ನಮ್ಮ ಕೆಳಗಿನ ಮನೆಯ ರಾಯರು ಗಾಬರಿಯಿಂದ ಮೆಟ್ಟಿಲು ಹತ್ತಿ ಬಂದು, 'ನೋಡಿ ಸ್ವಾಮಿ, ನಮ್ಮ ಬೀದೀಲಿ ಮೊಟ್ಟೆ ಹೋಲ್‌ಸೇಲು ಶುರುವಾಯ್ತು' ಎಂದಿದ್ದರು. ವ್ಯಾಪಾರ ಮೊಟ್ಟೆಯದಲ್ಲ, ಸಂಗೀತದ್ದು ಎಂದು ತಿಳಿದ ಮೇಲೆ ಅವರ ಗಾಬರಿ ಇನ್ನಷ್ಟು ಹೆಚ್ಚಿತು. ಟ್ರೇಗಳಿಂದ ಗಿಟಾರಿನ ಸದ್ದು ಎಷ್ಟು ತಗ್ಗಿತೋ ಕಾಣೆ, ಬೇಸ್ ಗಿಟಾರಿನದು ಮಾತ್ರ ನೆಲದೊಳಗಿಂದಲೇ ನಡೆದು ಬಂದು ರಾಯರ ಮನೆಯ ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಟಿಣಟಿಣ ಕುಣಿಸುತ್ತದೆ.

ರಾಯರ ತಕರಾರು ತಾತ್ವಿಕವಾದದ್ದು. 'ಜಾನಪದ ಅಂದ ಮೇಲೆ ರಾಕ್ ಯಾಕೆ? ರಾಕ್ ಅಂದ ಮೇಲೆ ಜಾನಪದ ಯಾಕೆ? ಅದೂ ಈ ಬೇಸಿಗೆಯಲ್ಲಿ, ಬಯಲಿನಲ್ಲಿ!' ಈ ಕೊನೆಯ ಮಾತಿಗೆ ಮಾತ್ರ ನಾನು ಸುಮ್ಮನಿರಲಿಲ್ಲ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಲಿಯವರು 1939ರಿಂದ ನಡೆಸಿಕೊಂಡು ಬಂದ ರಾಮನವಮಿ ಸಂಗೀತೋತ್ಸವ ಯಾವ ಕಾಲದ್ದು? ಬೇಸಿಗೆಯದ್ದೇ. ಎಲ್ಲಿ? ಕೋಟೆ ಪ್ರೌಢಶಾಲೆಯ ಬಯಲಿನಲ್ಲಿ, ಚಪ್ಪರದ ಕೆಳಗೆ. ಎಂ.ಎಸ್. ಸುಬ್ಬುಲಕ್ಷ್ಮಿ ಅಂಥವರೂ ಅಲ್ಲಿ ಬೆವರು ಒರೆಸಿಕೊಂಡೇ ಹಾಡಿದವರು. ಹೊರಗೆ ಬಸ್ಸಿನ ಹಾರನ್ನು, ಒಳಗೆ ಆಲಾಪನೆ. ಚಪ್ಪರದಡಿ ಕೂತು ತೊಡೆ ತಟ್ಟಿ ತಾಳ ಹಾಕುತ್ತಿದ್ದವರು ಒಂದು ಕಾಲದಲ್ಲಿ ಈ ರಾಯರೇ. ಈ ಹುಡುಗರ ಸಭೆಯಲ್ಲಿ ತೊಡೆಯ ಬದಲು ಇಡೀ ಮೈ ತಾಳ ಹಾಕುತ್ತದೆ, ಅಷ್ಟೇ ವ್ಯತ್ಯಾಸ. ಹಾಂ, ಪಾನಕ ಕೋಸಂಬರಿ ಸಿಗುವುದಿಲ್ಲ. ಇದು ದೊಡ್ಡ ಕೊರತೆ ಎಂದು ನಾನೂ ಒಪ್ಪುತ್ತೇನೆ.

ರಾಕ್ ತಂಡವೆಂದರೆ ಹರಿದ ಜೀನ್ಸು, ಕಪ್ಪು ಟೀಶರ್ಟು ಎಂಬ ಕಾಲ ಯಾವಾಗಲೋ ಹೋಯಿತು. ರಘು ದೀಕ್ಷಿತ್ ಮತ್ತು ಅವರ ತಂಡ ಬಣ್ಣಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆ ಏರಿದ ಮೇಲೆ ಲುಂಗಿಯ ಅಂತಸ್ತೇ ಬದಲಾಯಿತು. ಅದುವರೆಗೆ ನಮ್ಮ ಕಡೆ ಲುಂಗಿ ಕಾಣುತ್ತಿದ್ದದ್ದು ಬೆಳಿಗ್ಗೆ ನಂದಿನಿ ಬೂತಿನ ಮುಂದೆ ಮಾತ್ರ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತು, ಕೊನೆಗೆ ಗಿಟಾರು ಹಿಡಿದ ಮನುಷ್ಯ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿ ಬಂದರು. ಅವರ ತಮ್ಮ ವಾಸು ದೀಕ್ಷಿತರ 'ಸ್ವರಾತ್ಮ' ತಂಡದ್ದು ಇನ್ನೊಂದು ಸೊಗಸು. ಆರಂಭದ ದಿನಗಳಲ್ಲಿ ವಾಸು ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಕುಣಿಯುತ್ತ ಹಾಡುತ್ತಿದ್ದರು. ಊರ ಜಾತ್ರೆಯಲ್ಲಿ ಕೀಲುಕುದುರೆ ನೋಡಿದವರಿಗೆ ಇದು ಹೊಸದಲ್ಲ. ಕುದುರೆಯ ಬೆನ್ನ ಮೇಲೆ ಗಿಟಾರು ನೋಡಿದ್ದು ಮಾತ್ರ ಹೊಸದು.

ರಾಯರ ಬಿಗಿಮುಖ ಸಡಿಲವಾದದ್ದು ಶರೀಫರಿಂದ. ಹೋದ ಭಾನುವಾರ ಶೆಡ್ಡಿನಿಂದ ಡ್ರಮ್ಮು, ತಮಟೆಗಳ ನಡುವೆ ಪರಿಚಿತ ತತ್ವಪದವೊಂದು ಕೇಳಿತು. ರಾಯರು ಕಾಫಿ ಲೋಟ ಕೆಳಗಿಟ್ಟು, 'ಇದು ನಮ್ಮ ಅಶ್ವತ್ಥ್ ಹಾಡಿದ್ದಲ್ವೇ?' ಎಂದರು. ಹೌದು. ಸಿ. ಅಶ್ವತ್ಥರು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಮುಟ್ಟಿಸಿದ ಶರೀಫರನ್ನೇ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ 'ಗುಡುಗುಡಿಯಾ'ದ ಮೂಲಕ ಎತ್ತಿಕೊಂಡರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶಿಶುನಾಳದ ಈ ಸಂತನ ಪದಗಳು ಸಭಾಂಗಣಕ್ಕೆಂದು ಹುಟ್ಟಿದವಲ್ಲ. ಕಟ್ಟೆಯ ಮೇಲೆ, ಗುಡಿಯ ಮುಂದೆ, ಭಜನೆಯ ಗುಂಪಿನಲ್ಲಿ ಬೆಳೆದವು. ಬಯಲೇ ಅವಕ್ಕೆ ತಕ್ಕ ಜಾಗ, ಹವಾನಿಯಂತ್ರಿತ ಸಭಾಂಗಣವೇ ಅಪಚಾರ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರಾಯರು ಅಷ್ಟು ದೂರ ಬರಲಿಲ್ಲ. 'ಸಾಹಿತ್ಯ ಸರಿಯಾಗಿ ಹೇಳ್ತಾರಾ ಅಂತ ನೋಡೋಕೆ ಬೇಕಾದ್ರೆ ಬರ್ತೀನಿ' ಎಂದರು. ಮೂಲೆಮನೆಯ ಹುಡುಗ ಕೂಡಲೇ, 'ಬನ್ನಿ ತಾತ, ಮುಂದಿನ ಸಾಲಿನಲ್ಲೇ ಕೂರಿ' ಎಂದ. ಅಂದಿನಿಂದ ರಾಯರು ಸಂಗೀತ ವಿಮರ್ಶಕರು.

ಇನ್ನು ಉಳಿದದ್ದು ಎರಡು ಆತಂಕ. ಒಂದು, ಕಾನೂನು. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಗಲಿನಲ್ಲೂ ವಸತಿ ಪ್ರದೇಶಕ್ಕೆ 55 ಡೆಸಿಬಲ್ ಮಿತಿ. ಆ ಲೆಕ್ಕದಲ್ಲಿ ನಮ್ಮ ಮನೆಯ ಕುಕ್ಕರು ದಿನಾ ಕಾನೂನು ಮುರಿಯುತ್ತದೆ. ಆದ್ದರಿಂದ ಹತ್ತಕ್ಕೆ ಮುಗಿಸಲೇಬೇಕು, ಶುರುವಾಗುವುದು ಮಾತ್ರ ದೇವರ ಚಿತ್ತ. ಇದೇ ಜೆ.ಪಿ. ನಗರದಲ್ಲಿ 2004ರಿಂದ ಇರುವ ರಂಗಶಂಕರ ಏಳೂವರೆ ಎಂದರೆ ಏಳೂವರೆಗೆ ಬಾಗಿಲು ಹಾಕುತ್ತದೆ. ತಡವಾಗಿ ಬಂದವರು ಅಲ್ಲಿ ಹೊರಗೇ ಅಕ್ಕಿ ರೊಟ್ಟಿ ತಿಂದು ಮನೆಗೆ ಹೋಗಬೇಕು. ಬಯಲಿಗೆ ಬಾಗಿಲೇ ಇಲ್ಲವಲ್ಲ, ಹಾಗಾಗಿ ಹಾಡುವವರಿಗೂ ಕೇಳುವವರಿಗೂ ಆ ಭಯವಿಲ್ಲ.

ಇನ್ನೊಂದು, ಮಳೆ. ಏಪ್ರಿಲ್ ಕೊನೆಗೆ ಭರಣಿ ಹುಟ್ಟುತ್ತದೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ ರೈತರು. ಕನ್ಸೋಲಿನ ಮೇಲೆ ಹಾಸಲು ನೀಲಿ ಟಾರ್ಪಾಲು ಹಿಡಿದು ಆಕಾಶ ನೋಡುವ ಸೌಂಡಿನ ಹುಡುಗನಿಗೆ ಈ ಗಾದೆ ಹೇಳಬೇಡಿ. 2003ರ ಏಪ್ರಿಲ್ 4ರಂದು ಅರಮನೆ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದಾಗಲೂ ಬೆಂಗಳೂರಿನ ಬೇಸಿಗೆ ಮಳೆ ಅವರ ಹೆಸರು ಕೇಳಿ ಹಿಂದೆ ಸರಿಯಲಿಲ್ಲ. ಜನ ನೆನೆದುಕೊಂಡೇ ಕೇಳಿದರು. ಇನ್ನು ಮೂಲೆಮನೆಯ ಹುಡುಗರನ್ನು ಅದು ಬಿಡುತ್ತದೆಯೇ?

ಬರುವವರಿಗೆ ನಾಲ್ಕು ಮಾತು. ಕಾರು ತರಬೇಡಿ, ನಿಲ್ಲಿಸಲು ಜಾಗವಿಲ್ಲ. ಮೆಟ್ರೋದಲ್ಲಿ ಬನ್ನಿ. ಆದರೆ ಜೆ.ಪಿ. ನಗರ ನಿಲ್ದಾಣ ಇರುವುದು ಕನಕಪುರ ರಸ್ತೆಯ ಮೇಲೆ, ಇಳಿದ ಮೇಲೂ ಆಟೊ ಬೇಕು, ಫೇಸು ಮರೆಯದೆ ಹೇಳಿ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಕಾಣುವುದಿಲ್ಲ, ರೇನ್‌ಕೋಟು ಇರಲಿ. ಮುಂದಿನ ಸಾಲಿನ ಎಡತುದಿಯಲ್ಲಿ ಒಂದು ಮಡಿಸುವ ಕುರ್ಚಿ, ಅದರ ಮೇಲೆ ಟವಲು ಕಾಣುತ್ತದೆ. ದಯವಿಟ್ಟು ಅಲ್ಲಿ ಕೂರಬೇಡಿ, ಅದು ರಾಯರದು.