ಕ್ಯಾಮೆರಾಕ್ಕೆ ಕಿವಿಯಿಲ್ಲ

ಮೊಳಕಾಲ್ಮುರು ತಾಲ್ಲೂಕಿಗೆ ಸರ್ಕಾರಿ ನೋಟಿಸು ಹೊಸದೇನಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಕೊರೆಸಿದ್ದನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಹೋದ ಆ ಆದೇಶ ಮೊದಲು ವಿಚಾರಿಸುವುದು ಅವರ ಆರೋಗ್ಯವನ್ನು. ತಂದೆತಾಯಿಯ ಮಾತು ಕೇಳಿ, ನಿಜ ಹೇಳಿ ಎಂಬುದೆಲ್ಲ ಆಮೇಲೆ. ನಮ್ಮ ಮಾವನ ಮೊಬೈಲಿಗೆ ಬಂದ ನೋಟಿಸಿಗೆ ಅಷ್ಟು ಮರ್ಯಾದೆ ಗೊತ್ತಿರಲಿಲ್ಲ. ದೂರದ ಯಾವುದೋ ದೊಡ್ಡ ಊರಲ್ಲಿ ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿದ್ದೀರಿ, 500 ರೂಪಾಯಿ ಕಟ್ಟಿ. ಅಷ್ಟೇ.

ಮಾವನ ಮೊಪೆಡ್ಡು ಶೇಂಗಾ ಮೂಟೆ ಹೊತ್ತು ಚಳ್ಳಕೆರೆ ಮುಟ್ಟಿದರೆ ಅದೇ ಅದರ ದೇಶಾಂತರ. ಫೋಟೊ ತೆಗೆದು ನೋಡಿದೆವು. ಬಿಳಿ ಸ್ಕೂಟರು, ಮೇಲೊಬ್ಬ ಗುಂಗುರು ಕೂದಲಿನ ಹುಡುಗ. ಕೆಎ 16ರಿಂದ ಹಿಡಿದು ಎಲ್ಲ ನಮ್ಮದೇ. ಕೆಸರು ಮೆತ್ತಿದ ಕೊನೆಯ 3 ಮಾತ್ರ ಕ್ಯಾಮೆರಾಕ್ಕೆ 8 ಆಗಿ ಕಂಡಿತ್ತು. ಮಾವ ಬೋಳುತಲೆ ಸವರಿಕೊಂಡರು: "ಇಷ್ಟೂ ಕೂದ್ಲು ನಂದೇ ಅಂತ ಸರ್ಕಾರ ಬರ್ಕೊಟ್ರೆ ಸಾವಿರ ಕಟ್ತೀನಿ."

ರಸ್ತೆಯಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದರೆ ಮಾತಿಗೆ ಜಾಗವಿರುತ್ತದೆ. "ಸಾರ್, ಇಲ್ಲೇ ಪಕ್ಕದ ಹಟ್ಟಿ" ಅನ್ನಬಹುದು. ಕ್ಯಾಮೆರಾಕ್ಕೆ ಕೊಟ್ಟಿರುವುದು ಕಣ್ಣು ಮಾತ್ರ. ಹಾಗಂತ ಕಾನೂನು ಕೈಬಿಟ್ಟಿಲ್ಲ. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ಪ್ರಕಾರ ಕ್ಯಾಮೆರಾ ಇರುವಲ್ಲಿ ಎಚ್ಚರಿಕೆಯ ಬೋರ್ಡಿರಬೇಕು, 15 ದಿನದೊಳಗೆ ನೋಟಿಸು ಕಳಿಸಬೇಕು, ಫೋಟೊದಲ್ಲಿ ತಪ್ಪೂ ಕಾಣಬೇಕು, ನಂಬರ್ ಪ್ಲೇಟೂ ಕಾಣಬೇಕು. ಓದಿ ಹೇಳಿದ್ದೇ ತಡ, ಮಾವನಿಗೆ ಹುರುಪು ಬಂತು. ಆರ್‌ಸಿ ಜೆರಾಕ್ಸು, ಗಾಡಿಯ ಹಿಂದುಮುಂದಿನ ಫೋಟೊ, ಯಾರೂ ಕೇಳದಿದ್ದರೂ ತಮ್ಮ ತಲೆಯದೊಂದು ಫೋಟೊ. ಬಸ್ ಚಾರ್ಜು, ಟೀ, ಹೊಲದಲ್ಲಿ ನಿಂತ ಕೆಲಸ ಎಲ್ಲ ಲೆಕ್ಕ ಹಾಕಿದರೆ ನ್ಯಾಯದ ಖರ್ಚು ದಂಡವನ್ನು ಮೀರಿತ್ತು.

"ಸುಮ್ನಿರು ಮಾಮ, ರಿಯಾಯ್ತಿ ಬರ್ತೈತೆ" ಎಂದರು ಹೋಟೆಲಿನ ಹುಡುಗರು. ಅದೂ ಸುಳ್ಳಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಸರ್ಕಾರ ಅರ್ಧ ರೇಟು ಕೂಗಿದಾಗ ಬೆಂಗಳೂರೊಂದರಲ್ಲೇ ನೂರು ಕೋಟಿಗೂ ಮಿಕ್ಕಿ ಜಮೆಯಾಯಿತು. 2025ರ ಆಗಸ್ಟಿನಲ್ಲಿ ಮತ್ತೆ ಕೂಗಿದರು. ಮೊಳಕಾಲ್ಮುರು ಸೀರೆ ಅಂಗಡಿಯಲ್ಲಿ ಎಷ್ಟು ಚೌಕಾಸಿ ಮಾಡಿದರೂ ಇಷ್ಟು ಇಳಿಸುವುದಿಲ್ಲ. ಹೆದರಿ ಅವತ್ತೇ ಕಟ್ಟಿದವನಿಗೆ ಪೂರಾ, ಕಟ್ಟದೆ ಕೂತವನಿಗೆ ಅರ್ಧ! ಮಾವ ಜಗ್ಗಲಿಲ್ಲ. "ಅರ್ಧ ಕಟ್ಟಿದ್ರೆ ಅರ್ಧ ತಪ್ಪು ನಂದೇ ಅಂದಂಗಾಗ್ತದೆ."

ಕಡೆಗೂ ದಂಡ ರದ್ದಾಯಿತು. ಆ ಮೆಸೇಜನ್ನು ಪ್ರಿಂಟು ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ಜೇಬಿಗಿಟ್ಟುಕೊಂಡ ಮಾವ, ಎಂದಿನಂತೆ ತಲೆಗೆ ಟವೆಲು ಸುತ್ತಿ ಮೊಪೆಡ್ ಏರಿದರು.

"ಮಾವ, ಹೆಲ್ಮೆಟ್ಟು?"

"ಕೇಸು ಗೆದ್ದೀವಲ್ಲಪ್ಪ, ಇನ್ಯಾಕೆ? ಅದ್ರಾಗೆ ಕೋಳಿ ಕಾವಿಗೆ ಕೂತೈತೆ."