ಕವಚ ಮೀಮಾಂಸೆ: ಉಕ್ಕು ಕಾಯುವುದು ಯಾರನ್ನು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಯೋಧ ತೊಡುವ ಕವಚ ಯಾರನ್ನು ಕಾಯುತ್ತದೆ? ತೊಟ್ಟವನನ್ನೇ, ಇನ್ಯಾರನ್ನು ಎಂದು ಲೋಕ ಥಟ್ಟನೆ ಉತ್ತರಿಸುತ್ತದೆ. ಆದರೆ ಲೋಕದ ಮಾತು ಪ್ರಮಾಣವಲ್ಲ, ನಿಯಮಪುಸ್ತಕವೇ ಪ್ರಮಾಣ. ಪಕ್ಕದಲ್ಲೊಂದು ಪೆನ್ಸಿಲ್ ಇಟ್ಟುಕೊಂಡು ಅದನ್ನು ಶ್ರದ್ಧೆಯಿಂದ ಓದಿದವರಿಗೆ ಬೇರೆಯೇ ಸತ್ಯ ಹೊಳೆಯುತ್ತದೆ. ಕವಚ ಕಾಯುವುದು ಮೇಜಿನ ಸುತ್ತ ಕೂತ ಆಟಗಾರರನ್ನು. ಅದು ತಡೆಯುವುದು ಕತ್ತಿಯ ಏಟನ್ನಲ್ಲ, ಕಳೆಯುವ ಲೆಕ್ಕವನ್ನು. 2014ರ ಐದನೇ ಆವೃತ್ತಿಯನ್ನೇ ನೋಡಿ. ಮೈತುಂಬ ಉಕ್ಕಿನ ಕವಚಕ್ಕೆ ಬೆಲೆ 1,500 ಚಿನ್ನದ ನಾಣ್ಯ, ತೂಕ 65 ಪೌಂಡ್, ತೊಡಲು 10 ನಿಮಿಷ. ಇಷ್ಟೆಲ್ಲ ಹೊತ್ತವನಿಗೆ ಸಿಗುವುದು 18 ಎಂಬ ಒಂದು ಅಂಕಿ, ಅದಕ್ಕೆ ಆರ್ಮರ್ ಕ್ಲಾಸ್ ಎಂದು ಹೆಸರು. ಎದುರಾಳಿ ಇಪ್ಪತ್ತು ಮುಖದ ದಾಳ ಉರುಳಿಸಿ ತನ್ನ ಪಾಲಿನ ಅಂಕ ಸೇರಿಸುತ್ತಾನೆ. ಮೊತ್ತ 17 ಆದರೆ ಏನೂ ಆಗಲಿಲ್ಲ. 18 ಆದರೆ ಚೂರಿ ತಗುಲಿತು, ನಾಲ್ಕು ಮುಖದ ದಾಳ ಉರುಳಿತು, ಮೂರು ಬಿತ್ತು. ಅದೇ ಚೂರಿ ಬರಿಮೈಯ ಅಡುಗೆಭಟ್ಟನಿಗೆ ತಗುಲಿದ್ದರೂ ಬೀಳುವುದು ಅದೇ ಮೂರು. ಮೂಲ ನಿಯಮದಲ್ಲಿ 65 ಪೌಂಡ್ ಉಕ್ಕು ಗಾಯದ ಮೇಲೆ ಒಂದಂಕದ ರಿಯಾಯಿತಿಯನ್ನೂ ಕೊಡುವುದಿಲ್ಲ. ಮೇಲಿಂದ ಬಿದ್ದರೂ ಅಷ್ಟೇ: ಹತ್ತಡಿಗೊಂದು ಆರು ಮುಖದ ದಾಳ. ಬಿದ್ದವನು ಏನು ತೊಟ್ಟಿದ್ದ ಎಂದು ನೆಲ ವಿಚಾರಿಸುವುದಿಲ್ಲ.

ಚರಿತ್ರೆಯೂ ನಮ್ಮ ಕಡೆಗೇ ಸಾಕ್ಷಿ ಹೇಳುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಅಂಕಿ ಇಳಿದಷ್ಟೂ ರಕ್ಷಣೆ ಏರುತ್ತಿತ್ತು. ಬರಿಮೈಗೆ 9, ಉಕ್ಕಿನ ಕವಚದ ಜೊತೆ ಗುರಾಣಿಯೂ ಇದ್ದರೆ 2. 1989ರ ಎರಡನೇ ಆವೃತ್ತಿಯಲ್ಲಿ ಏಟು ತಗುಲಲು ದಾಳದಲ್ಲಿ ಎಷ್ಟು ಬೀಳಬೇಕೆಂದು ತಿಳಿಯಲು ಥ್ಯಾಕೋ ಎಂಬ ಅಂಕಿಯಿಂದ ಎದುರಾಳಿಯ ಆರ್ಮರ್ ಕ್ಲಾಸನ್ನು ಕಳೆಯಬೇಕಾಯಿತು. ಥ್ಯಾಕೋ 15, ಎದುರಿಗಿರುವ ಡ್ರ್ಯಾಗನ್ನಿನದು ಮೈನಸ್ 3 ಎನ್ನಿ. ಮೈನಸ್ಸನ್ನು ಕಳೆದರೆ ಪ್ಲಸ್ ಎಂಬ ಮಾಧ್ಯಮಿಕ ಶಾಲೆಯ ಪಾಠವನ್ನು ಬೆಂಕಿಯುಗುಳುವ ಬಾಯ ಮುಂದೆ ನಿಂತು ನೆನಪಿಸಿಕೊಂಡವನಿಗಷ್ಟೇ 18 ಎಂಬ ಉತ್ತರ ಸಿಗುತ್ತಿತ್ತು. 2000ದ ಮೂರನೇ ಆವೃತ್ತಿ ಇಡೀ ಪದ್ಧತಿಯನ್ನು ತಲೆಕೆಳಗು ಮಾಡಿತು: ಅಂಕಿ ಏರಿದಷ್ಟೂ ರಕ್ಷಣೆ, ಕೂಡಿಸಿದರೆ ಸಾಕು. ಉಕ್ಕು ಅದೇ, ಕತ್ತಿ ಅದೇ. ಹಗುರಾದದ್ದು ಆಟಗಾರನ ತಲೆಭಾರ ಮಾತ್ರ. ಸುಧಾರಣೆ ಯಾರಿಗಾಗಿ ನಡೆಯಿತೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಪೂರ್ವಪಕ್ಷದವರು ಸುಮ್ಮನಿರುವವರಲ್ಲ. ತಗುಲಲಿಲ್ಲ ಎಂದರೆ ಗುರಿ ತಪ್ಪಿತೆಂದಲ್ಲ, ಏಟು ಉಕ್ಕಿಗೆ ಬಡಿದು ಜಾರಿತೆಂದು ಅರ್ಥ ಎನ್ನುತ್ತಾರೆ. ಸೊಗಸಾದ ವಾದ. ಆದರೆ ಐದನೇ ಆವೃತ್ತಿಯ ಬಾರ್ಬೇರಿಯನ್ ಕವಚವನ್ನೇ ತೊಡದೆ ಹತ್ತಕ್ಕೆ ಚುರುಕುತನದ ಐದು, ಮೈಗಟ್ಟಿನ ಐದು ಸೇರಿಸಿಕೊಂಡು 20 ಮುಟ್ಟಬಲ್ಲ. ಅವನ ಎದೆಗೂದಲಿಗೆ ಬಡಿದು ಏಟು ಜಾರಿತೆನ್ನೋಣವೇ? (ಕರ್ಣನ ಸಹಜ ಕವಚವನ್ನು ಇಲ್ಲಿಗೆ ಎಳೆದು ತರುವುದು ಬೇಡ, ಅದನ್ನು ಕೊಟ್ಟದ್ದು ಸೂರ್ಯ, ನಿಯಮಪುಸ್ತಕವಲ್ಲ.) ಇನ್ನೊಂದು ಪಂಥ 1978ರ ರೂನ್‌ಕ್ವೆಸ್ಟ್ ಎಂಬ ಬೇರೊಂದು ಆಟವನ್ನು ಮುಂದಿಡುತ್ತದೆ. ಅಲ್ಲಿ ಕವಚ ಗಾಯದ ಅಂಕವನ್ನೇ ತಗ್ಗಿಸುತ್ತದೆ, ಕವಚವೆಂದರೆ ಹೀಗಿರಬೇಕು ಎಂಬುದು ಅವರ ವಾದ. ಒಪ್ಪೋಣ. ಆದರೆ ಅಲ್ಲಿ ಪ್ರತಿ ಏಟಿಗೂ ಯಾವ ಅಂಗಕ್ಕೆ ಬಿತ್ತೆಂದು ದಾಳ ಹಾಕಬೇಕು, ಎಡಗಾಲಿಗೆ ಎಷ್ಟು ಅಂಕದ ಕವಚವಿದೆಯೆಂದು ಹಾಳೆಯಲ್ಲಿ ಹುಡುಕಬೇಕು, ಆಮೇಲೆ ಕಳೆಯಬೇಕು. ಯೋಧನಿಗೆ ರಕ್ಷಣೆ ಸಿಕ್ಕಿತು, ನಿಜ. ಆಟಗಾರರನ್ನು ಕಾಪಾಡುವವರೇ ಇಲ್ಲ. ಆಕ್ಷೇಪ ಎತ್ತಲು ಬಂದವರು ನಮ್ಮ ಸಿದ್ಧಾಂತಕ್ಕೇ ರುಜು ಹಾಕಿ ಹೋದಂತಾಯಿತು.

ಉಳಿದದ್ದು ರಸ್ಟ್ ಮಾನ್‌ಸ್ಟರ್ ಎಂಬ ಜಂತು. ಅದರ ಮೀಸೆ ಸೋಕಿದರೆ ಸಾಮಾನ್ಯ ಉಕ್ಕಿನ ಕವಚ ತುಕ್ಕು ಹಿಡಿಯುತ್ತದೆ. ಡ್ರ್ಯಾಗನ್ನಿಗೆ ಎದೆಯೊಡ್ಡುವ ವೀರರೂ ಇದನ್ನು ಕಂಡರೆ ಹಿಂದೆ ಸರಿಯುತ್ತಾರೆ. 1,500 ನಾಣ್ಯ ಮಣ್ಣಾಗುವ ಭಯ ಎಂದು ವ್ಯಾಖ್ಯಾನಕಾರರು ಸಮಜಾಯಿಷಿ ಕೊಡುತ್ತಾರೆ. ಪುಸ್ತಕ ಹೇಳುವುದೇ ಬೇರೆ. ಒಮ್ಮೆ ಸೋಕಿದರೆ 18 ಹೋಗಿ 17, ಇನ್ನೊಮ್ಮೆ ಸೋಕಿದರೆ 16. ಹೀಗೆ ಹತ್ತಕ್ಕಿಳಿದಾಗ ಕವಚವೇ ಇಲ್ಲ. ಪ್ರತಿ ಸಲವೂ ರಬ್ಬರ್ ಹುಡುಕಿ ಹಳೆಯ ಅಂಕಿ ಅಳಿಸಿ ಹೊಸದನ್ನು ಬರೆಯಬೇಕು. ಕವಚ ಇಷ್ಟು ಕಾಲ ಬಾಗಿಲಾಚೆ ನಿಲ್ಲಿಸಿದ್ದ ವ್ಯವಕಲನ ಈಗ ನಾಲ್ಕು ಕಾಲಿನ ಮೇಲೆ ಒಳಗೇ ನಡೆದುಬಂದಿದೆ.